ಅಪೀಲಿಗೆ ಕಡೆಯ ದಿನ ಯಾವುದು?

“ಮ್ಯಾಲಿನ ಕೋರ್ಟಿಗೆ ಹೋಗಾಕ ಮೂರು ತಿಂಗಳ ಟೈಮ್ ಐತ್ರಿ, ಅವಸರ ಏನೈತಿ?” ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಊರುಗಳ ಯಾವ ಕೋರ್ಟಿನ ಆವರಣದಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ದಾವೆ ಸೋತವನಿಗೆ ಊರಿನವರು ಹೇಳುವ ಸಮಾಧಾನ ಅದು. ಹಿಂದೊಮ್ಮೆ ಹೈಕೋರ್ಟಿನ ಮೆಟ್ಟಿಲು ಹತ್ತಿ ಬಂದ ಸಂಬಂಧಿಕರು ಅದನ್ನು ಇನ್ನಷ್ಟು ಧೈರ್ಯದಿಂದ ಹೇಳುತ್ತಾರೆ. ಮಾತು ಸುಳ್ಳಲ್ಲ, ಅರ್ಧ ನಿಜ. ಅಪಾಯ ಇರುವುದೂ ಅಲ್ಲೇ.

1963ರ ಕಾಲಮಿತಿ ಕಾಯ್ದೆಯ ಅನುಸೂಚಿಯಲ್ಲಿ 116ನೇ ಕ್ರಮಾಂಕ ಸಿವಿಲ್ ಮೇಲ್ಮನವಿಯದು. ಅದರಲ್ಲಿ ಎರಡು ಲೆಕ್ಕಗಳಿವೆ. ಹೈಕೋರ್ಟಿಗೆ ಹೋಗುವ ಅಪೀಲಿಗೆ 90 ದಿನ, ಬೇರೆ ಯಾವುದೇ ನ್ಯಾಯಾಲಯಕ್ಕೆ ಹೋಗುವ ಅಪೀಲಿಗೆ 30 ದಿನ. ತಾಲೂಕು ಮಟ್ಟದಲ್ಲಿ ತೀರ್ಮಾನವಾಗುವ ಹೊಲದ ಬದುವಿನ ಜಗಳ, ವಾಟ್ನಿ ದಾವೆ, ಕೈಗಡದ ವ್ಯಾಜ್ಯಗಳಲ್ಲಿ ಮೊದಲ ಅಪೀಲು ಹೆಚ್ಚಾಗಿ ಹೋಗುವುದು ಹಿರಿಯ ಸಿವಿಲ್ ನ್ಯಾಯಾಧೀಶರ ಬಳಿಗೆ ಅಥವಾ ಹಾವೇರಿಯ ಜಿಲ್ಲಾ ನ್ಯಾಯಾಲಯಕ್ಕೆ. ಅಲ್ಲಿಗೆ ಮೂರು ತಿಂಗಳಿಲ್ಲ, ಒಂದೇ ತಿಂಗಳು. ಮೂರು ತಿಂಗಳೆಂದು ನಂಬಿ ಬಿತ್ತಿಗೆ ಮುಗಿಸಿ, ಎಡೆ ಹೊಡೆದು, ಆಮೇಲೆ ವಕೀಲರ ಕಚೇರಿಗೆ ಬಂದವನಿಗೆ ಮೊದಲು ಸಿಗುವ ಕಾಗದ ಅಪೀಲಿನದಲ್ಲ, ತಡವಾದದ್ದಕ್ಕೆ ಕ್ಷಮೆ ಕೇಳುವ ಅರ್ಜಿಯದು.

ಇನ್ನೊಂದು ತಪ್ಪು ತಿಳಿವಳಿಕೆ ದಿನ ಎಣಿಸುವುದರಲ್ಲಿದೆ. ಎಣಿಕೆ ಶುರುವಾಗುವುದು ತೀರ್ಪಿನ ತಾರೀಖಿನಿಂದ. ವಕೀಲರು ಫೋನ್ ಮಾಡಿ ತಿಳಿಸಿದ ದಿನದಿಂದಲ್ಲ, ಬೇಲಿಫ್ ಹೊಲಕ್ಕೆ ಬಂದ ದಿನದಿಂದಲೂ ಅಲ್ಲ. ತೀರ್ಪು ಹೇಳಿದ ದಿನವೊಂದನ್ನು ಬಿಟ್ಟು ಮರುದಿನದಿಂದ ಒಂದು, ಎರಡು ಎಂದು ಎಣಿಸಬೇಕು. ತೀರ್ಪಿನ ನಕಲು ಪಡೆಯಲು ಹಿಡಿದ ಕಾಲವನ್ನು ಈ ಎಣಿಕೆಯಿಂದ ಕಳೆಯಬಹುದು, 12ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ಕಳೆಯುವುದು ಎಷ್ಟು? ಇದು ಕಾನೂನು ಪುಸ್ತಕಕ್ಕಿಂತ ನಕಲಿನ ಹಿಂಬದಿಯ ಮುದ್ರೆಯಲ್ಲಿ ಚೆನ್ನಾಗಿ ಕಾಣುತ್ತದೆ.

ಕೈಯಲ್ಲಿ ಯಾವುದಾದರೂ ಸರ್ಟಿಫೈಡ್ ಕಾಪಿ ಇದ್ದರೆ ಅದರ ಕಡೆಯ ಹಾಳೆಯನ್ನು ಮಗುಚಿ ನೋಡಿ. ರಬ್ಬರ್ ಮುದ್ರೆಯಲ್ಲಿ ಸಾಲಾಗಿ ಕೆಲವು ತಾರೀಖುಗಳಿರುತ್ತವೆ: ನಕಲಿಗೆ ಅರ್ಜಿ ಕೊಟ್ಟದ್ದು, ಶುಲ್ಕ ಕಟ್ಟಲು ಹೇಳಿದ್ದು, ಶುಲ್ಕ ಕಟ್ಟಿದ್ದು, ನಕಲು ಸಿದ್ಧವಾದದ್ದು, ಕೈಗೆ ಕೊಟ್ಟದ್ದು. ಬಹಳ ಜನ ಮೊದಲನೆಯ ತಾರೀಖಿಗೂ ಕಡೆಯದಕ್ಕೂ ನಡುವಿನ ದಿನಗಳೆಲ್ಲ ತಮ್ಮವು ಎಂದುಕೊಳ್ಳುತ್ತಾರೆ. ಕಾನೂನು ಬಿಟ್ಟುಕೊಡುವುದು ಕೋರ್ಟಿನ ಕಚೇರಿಗೆ ಬೇಕಾದ ಕಾಲವನ್ನು ಮಾತ್ರ. ಶುಲ್ಕ ಕಟ್ಟಲು ಹೇಳಿ ಹತ್ತು ದಿನವಾದರೂ ಕಟ್ಟಲಿಲ್ಲ ಎಂದರೆ ಆ ಹತ್ತು ದಿನ ನಿಮ್ಮ ಖಾತೆಗೆ ಬಿತ್ತು. ನಕಲು ಸಿದ್ಧವಾಗಿ ಕಪಾಟಿನಲ್ಲಿ ಕುಳಿತಿದ್ದು, ನೀವು ಜಾತ್ರೆ ಮುಗಿಸಿಕೊಂಡು ಹೋಗಿ ತಂದರೆ ಆ ದಿನಗಳೂ ನಿಮ್ಮವೇ. ನಕಲಿನ ಅರ್ಜಿಯನ್ನು 30 ದಿನ ಮುಗಿದ ಮೇಲೆ ಕೊಟ್ಟಿದ್ದರಂತೂ ಕಳೆಯಲು ಏನೂ ಉಳಿಯುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಜೂನ್ 10ಕ್ಕೆ ತೀರ್ಪು ಬಂತು. ಹಾಗೆಯೇ ಬಿಟ್ಟರೆ ಜುಲೈ 10 ಕಡೆಯ ದಿನ. ಜೂನ್ 20ಕ್ಕೆ ನಕಲಿನ ಅರ್ಜಿ ಕೊಟ್ಟಿರಿ, ಹೇಳಿದ ತಕ್ಷಣ ಶುಲ್ಕ ಕಟ್ಟಿದಿರಿ, 29ಕ್ಕೆ ಸಿದ್ಧವಾಯಿತು. ಹತ್ತು ದಿನ ಸೇರಿ ಜುಲೈ 20ರವರೆಗೆ ಅವಕಾಶ. ಆ ದಿನ ಭಾನುವಾರವಾದರೆ ಸೋಮವಾರ. ಕಡೆಯ ದಿನ ಬೇಸಿಗೆ ರಜೆಯಲ್ಲಿ ಬಿದ್ದರೆ ಕೋರ್ಟು ತೆರೆದ ದಿನ. ಇಷ್ಟೇ ಗಣಿತ. ಡಿಕ್ರಿ ಬರೆದು ಮುಗಿಯಲಿಲ್ಲ ಎಂದು ಕಾಯುವವರೂ ಇದ್ದಾರೆ. ಈಗ ಅದರ ಅಗತ್ಯವಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿಯಾದ ನಿಯಮದಂತೆ ತೀರ್ಪಿನ ನಕಲಿಟ್ಟೇ ಅಪೀಲು ಹಾಕಬಹುದು.

ತಡವಾಗಿಯೇ ಹೋಯಿತು ಎನ್ನಿ. ಆಗ ನೆರವಿಗೆ ಬರುವುದು 5ನೇ ಕಲಂ. ನಿಗದಿತ ಕಾಲದಲ್ಲಿ ಅಪೀಲು ಹಾಕದೆ ಇರಲು ಸಾಕಷ್ಟು ಕಾರಣವಿತ್ತು ಎಂದು ನ್ಯಾಯಾಲಯಕ್ಕೆ ಮನದಟ್ಟಾದರೆ ತಡವನ್ನು ಮನ್ನಿಸಬಹುದು. ಅಪೀಲಿನ ಜೊತೆಯಲ್ಲೇ ಒಂದು ಅರ್ಜಿ, ಅದಕ್ಕೊಂದು ಪ್ರಮಾಣಪತ್ರ ಇಡಬೇಕು. ವಕೀಲರ ಬಾಯಲ್ಲಿ ಇದು ‘ಡಿಲೇ ಐ.ಎ.’ ಈ ಅರ್ಜಿ ತೀರ್ಮಾನವಾಗುವವರೆಗೆ ಅಪೀಲಿನ ಒಳಗಿನ ವಿಷಯಕ್ಕೆ ಯಾರೂ ಕೈಹಾಕುವುದಿಲ್ಲ. ನಿಮ್ಮ ಕಡೆ ಎಂಥ ನ್ಯಾಯವಿದ್ದರೂ ಬಾಗಿಲಲ್ಲೇ ನಿಲ್ಲಬೇಕು.

ಹಾಗೆಂದು ಆ ಬಾಗಿಲು ಭದ್ರವಾಗಿ ಮುಚ್ಚಿದ್ದೇನಲ್ಲ. 1987ರಲ್ಲಿ ಜಮ್ಮು ಮತ್ತು ಕಾಶ್ಮೀರದ ಅನಂತನಾಗ್‌ನ ಭೂಸ್ವಾಧೀನ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಬಂದಿತ್ತು. ತಡವಾಗಿದ್ದದ್ದು ಬರೀ ನಾಲ್ಕು ದಿನ. ತಡ ಮಾಡಿ ಯಾರಿಗೂ ಸಾಮಾನ್ಯವಾಗಿ ಲಾಭವಿಲ್ಲ, ದಿನದಿನದ ತಡಕ್ಕೂ ವಿವರಣೆ ಬೇಕು ಎಂಬುದನ್ನು ಅತಿಗೆ ಒಯ್ಯಬಾರದು, ತಾಂತ್ರಿಕತೆಗಿಂತ ನ್ಯಾಯ ದೊಡ್ಡದು ಎಂಬ ಅರ್ಥದ ಮಾತುಗಳನ್ನು ಆ ತೀರ್ಪು ಹೇಳಿತು. ‘ಕಾತಿಜಿ ಪ್ರಕರಣ’ ಎಂದರೆ ಇವತ್ತಿಗೂ ತಾಲೂಕಿನ ಯಾವ ವಕೀಲರಿಗೂ ಗೊತ್ತು. ಡಿಲೇ ಅರ್ಜಿಯ ವಾದದಲ್ಲಿ ಅದರ ಹೆಸರು ಬರದೆ ಇರುವುದು ಅಪರೂಪ. 1998ರಲ್ಲಿ ಸುಪ್ರೀಂ ಕೋರ್ಟು 883 ದಿನಗಳ ತಡದ ಪ್ರಕರಣವೊಂದರಲ್ಲಿ, ತಡ ಎಷ್ಟು ಉದ್ದ ಎಂಬುದಕ್ಕಿಂತ ಕೊಟ್ಟ ಕಾರಣ ಒಪ್ಪುವಂಥದ್ದೇ ಎಂಬುದು ಮುಖ್ಯ ಎಂದಿತು. ಹತ್ತು ದಿನದ ತಡ ನಿಲ್ಲದೆ ಹೋಗಬಹುದು, ಎರಡು ವರ್ಷದ್ದು ನಿಲ್ಲಬಹುದು.

ಕಾರಣ ಬರೆಯುವಲ್ಲಿಯೇ ನಮ್ಮ ಕಡೆಯ ಅರ್ಜಿಗಳು ಕೆಡುವುದು. ಹೆಚ್ಚಿನ ಪ್ರಮಾಣಪತ್ರಗಳಲ್ಲಿ ಅರ್ಜಿದಾರನಿಗೆ ಕಾಮಾಲೆ ಆಗಿರುತ್ತದೆ, ಇಲ್ಲವಾದರೆ ಸೊಂಟ ಹಿಡಿದಿರುತ್ತದೆ. ಗುಣವಾಗುವುದು ಅಪೀಲು ಹಾಕುವ ಹಿಂದಿನ ವಾರ. ಕಾಮಾಲೆ ಬಿದ್ದಿದ್ದೆ ಎನ್ನುವವನು ಅದೇ ತಿಂಗಳು ಎಪಿಎಂಸಿಯಲ್ಲಿ ಗೋವಿನಜೋಳ ಮಾರಿ ರಸೀದಿ ಪಡೆದಿದ್ದರೆ ಎದುರು ವಕೀಲರು ಅದನ್ನು ತಂದು ಮುಂದಿಡಲು ಎಷ್ಟು ಹೊತ್ತು? ನಿಜವಾದ ಕಾರಣ ಬಹುಪಾಲು ಇದಕ್ಕಿಂತ ಸಾದಾ ಇರುತ್ತದೆ. ಕೋರ್ಟು ಫೀಗೆ ದುಡ್ಡು ಹೊಂದಲಿಲ್ಲ. ಮಗ ಗೋವಾಕ್ಕೆ ದುಡಿಯಲು ಹೋಗಿದ್ದ, ಓಡಾಡುವವರು ಬೇರೆ ಯಾರೂ ಇರಲಿಲ್ಲ. ಮೂರು ತಿಂಗಳ ಅವಕಾಶವಿದೆ ಎಂದು ತಿಳಿದಿದ್ದೆ. ಇವೆಲ್ಲ ಒಪ್ಪಿಗೆಯಾಗಿಯೇ ತೀರುತ್ತವೆ ಎಂದೇನಿಲ್ಲ, ಕಾನೂನು ಗೊತ್ತಿರಲಿಲ್ಲ ಎಂಬುದಂತೂ ಒಂದೇ ಕಾರಣವಾಗಿ ನಿಲ್ಲುವುದು ಕಷ್ಟ. ಆದರೆ ತಾರೀಖು, ಊರು, ಚೀಟಿ ಹಿಡಿದು ಹೇಳಿದ ನಿಜಕ್ಕೆ ಇರುವ ತೂಕ ಬಾಡಿಗೆಗೆ ತಂದ ಕಾಮಾಲೆಗೆ ಇರುವುದಿಲ್ಲ.

ಕೋವಿಡ್ ಕಾರಣವೂ ಹಾಗೆಯೇ ಸವೆದಿದೆ. 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಕಾಲವನ್ನು ಎಲ್ಲ ಕಾಲಮಿತಿಗಳಿಂದ ಹೊರಗಿಡಬೇಕೆಂದು ಸುಪ್ರೀಂ ಕೋರ್ಟೇ ಆದೇಶಿಸಿತ್ತು. ಆ ಅವಧಿಯಲ್ಲಿ ಸಿಕ್ಕಿಕೊಂಡವರಿಗೆ ಮಾರ್ಚ್ 1ರಿಂದ ಮತ್ತೆ 90 ದಿನ ಸಿಕ್ಕಿತು. ಅದು ಅಲ್ಲಿಗೆ ಮುಗಿದ ಮಾತು.

ಇನ್ನೊಂದು ಕಾಯಂ ಕಾರಣ, “ವಕೀಲರು ತಿಳಿಸಲಿಲ್ಲ”. 1981ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಮರುಗಿತ್ತು. ಹಳ್ಳಿಯವನು ವಕೀಲರನ್ನು ನೇಮಿಸಿ ಫೀ ಕೊಟ್ಟು ಮನೆಗೆ ಹೋದ ಮೇಲೆ, ವಕೀಲರು ಬರದಿದ್ದ ತಪ್ಪಿಗೆ ಅವನಿಗೆ ಶಿಕ್ಷೆ ಏಕೆ ಎಂಬ ಧಾಟಿ ಅದರದು. ಕಾಲ ಬದಲಾಗಿದೆ. 2024ರ ನವೆಂಬರಿನಲ್ಲಿ ಅದೇ ನ್ಯಾಯಾಲಯ, ವಕೀಲರ ಮೇಲೆ ಹೊರೆ ಹಾಕಿ ಕೈತೊಳೆದುಕೊಂಡರೆ ಆಗದು, ತನ್ನ ವ್ಯಾಜ್ಯದ ಮೇಲೆ ಕಕ್ಷಿದಾರನಿಗೂ ಕಣ್ಣಿರಬೇಕು ಎಂದಿತು. ನನಗೆ ಇದರಲ್ಲಿ ಸ್ವಲ್ಪ ಕಠೋರತೆ ಕಂಡರೂ ತಳ್ಳಿಹಾಕಲಾರೆ. ಪ್ರತಿ ಪ್ರಕರಣಕ್ಕೆ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ, ತೀರ್ಪಿನ ತಾರೀಖು ಎಲ್ಲ ಮೊಬೈಲಿಗೆ ಬರುತ್ತದೆ. ಮಳೆ ಯಾವಾಗ ಎಂದು ಮೊಬೈಲಿನಲ್ಲಿ ನೋಡುವ ಮನೆಯ ಹುಡುಗನಿಗೆ ಇದು ದೊಡ್ಡ ಕೆಲಸವಲ್ಲ.

ಇಷ್ಟು ಬಿಗಿ ಬಡವನಿಗೆ ಬಂದರೆ, ಸರ್ಕಾರದ ಗತಿ ಏನು? ತಡದ ವಿಷಯದಲ್ಲಿ ನನಗೆ ಸಿಟ್ಟು ಬರುವುದು ಇಲ್ಲಿ. ಉದಾರವಾಗಿ ನೋಡಿ ಎಂಬ ಕಾತಿಜಿ ತೀರ್ಪಿನ ಮಾತನ್ನು ಹಳ್ಳಿಯ ರೈತನಿಗಿಂತ ಹೆಚ್ಚು ಬಳಸಿಕೊಂಡದ್ದು ಇಲಾಖೆಗಳು, ಮಂಡಳಿಗಳು, ನಿಗಮಗಳು. ಕಡತ ಗುಮಾಸ್ತರ ಮೇಜಿನಿಂದ ಅಧೀಕ್ಷಕರ ಮೇಜಿಗೆ, ಅಲ್ಲಿಂದ ಕಾನೂನು ಕೋಶಕ್ಕೆ, ಅಭಿಪ್ರಾಯಕ್ಕೆ, ಅನುಮೋದನೆಗೆ ಹೋಗಿ ಬರುವ ಕಥೆಯನ್ನೇ ಪ್ರಮಾಣಪತ್ರದಲ್ಲಿ ಬರೆದು ‘ಸಾಕಷ್ಟು ಕಾರಣ’ ಎನ್ನುತ್ತಾರೆ. 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ತಡದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಥೆಯನ್ನು ಒಪ್ಪಲಿಲ್ಲ. 2020ರಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡವಾಗಿ ಬಂದಾಗ 25,000 ರೂಪಾಯಿ ದಂಡ ಹಾಕಿ, ಅದನ್ನು ತಪ್ಪಿತಸ್ಥ ಅಧಿಕಾರಿಗಳಿಂದ ವಸೂಲು ಮಾಡಿ ಎಂದಿತು.

ನಮ್ಮ ರಾಜ್ಯದ ಕಥೆ ಇವನ್ನೆಲ್ಲ ಮೀರಿಸಿತು. ಕಲಬುರಗಿಯ ಜಮೀನೊಂದರ ವ್ಯಾಜ್ಯದಲ್ಲಿ ಕರ್ನಾಟಕ ಗೃಹ ಮಂಡಳಿಯ ವಿರುದ್ಧ 2006ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಬಂದಿತ್ತು. ಮಂಡಳಿ ಎರಡನೇ ಅಪೀಲು ಹಾಕಿದ್ದು 2017ರಲ್ಲಿ. ತಡ 3,966 ದಿನ. ಸುಮಾರು 11 ವರ್ಷ. ಆ ತಡವನ್ನು ಹೈಕೋರ್ಟು ಮನ್ನಿಸಿತ್ತು! 2025ರ ಸೆಪ್ಟೆಂಬರ್ 12ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ಹೈಕೋರ್ಟಿನ ಆದೇಶವನ್ನು ರದ್ದು ಮಾಡಿ, ಮಂಡಳಿಗೆ 25,000 ರೂಪಾಯಿ ವೆಚ್ಚವನ್ನೂ ವಿಧಿಸಿತು. ದಾವೆ ಹೂಡಿದ್ದ ಹೆಣ್ಣುಮಗಳು ಅಷ್ಟರಲ್ಲಿ ತೀರಿಕೊಂಡಿದ್ದರು, ವಾರಸುದಾರರ ಹೆಸರಿನಲ್ಲಿ ಪ್ರಕರಣ ನಡೆಯಿತು. ತಡಕ್ಕೆ ಕಾರಣ ಹೇಳುವಾಗ ಗಡುವು ಮುಗಿದ ದಿನದಿಂದ ಹೇಳಿದರೆ ಸಾಲದು, ಗಡುವಿನ ಒಳಗಿನ ಆ 90 ದಿನಗಳಲ್ಲಿ ಏನು ಮಾಡಿದಿರಿ ಎಂಬುದನ್ನೂ ತಿಳಿಸಬೇಕು ಎಂದು ಈ ತೀರ್ಪು ಸ್ಪಷ್ಟಪಡಿಸಿತು. ಇದು ಸರ್ಕಾರಕ್ಕಷ್ಟೇ ಅಲ್ಲ, ಎಲ್ಲರಿಗೂ ಅನ್ವಯಿಸುವ ಮಾತು. ಅದೇ ವರ್ಷದ ಜನವರಿಯಲ್ಲೂ ನಮ್ಮ ರಾಜ್ಯದ್ದೇ ಮತ್ತೊಂದು ಪ್ರಕರಣದಲ್ಲಿ 2,200 ದಿನಗಳ ತಡವನ್ನು ಹೈಕೋರ್ಟು ಮನ್ನಿಸಿದ್ದನ್ನು ಸುಪ್ರೀಂ ಕೋರ್ಟು ಒಪ್ಪಿರಲಿಲ್ಲ. ಅದರ ಮೂಲ ದಾವೆ 1977ರದ್ದು.

ಸೋತವನ ಕಷ್ಟದ ಮಾತಾಡುವಾಗ ಗೆದ್ದವನನ್ನು ಮರೆಯುತ್ತೇವೆ. ಗಡುವು ಮುಗಿಯಿತೆಂದರೆ ಗೆದ್ದವನಿಗೆ ತನ್ನ ಡಿಕ್ರಿಯ ಮೇಲೆ ಒಂದು ಹಕ್ಕು ಬಂದುಬಿಡುತ್ತದೆ ಎಂದು 1961ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ಹೇಳಿದೆ. ಇಪ್ಪತ್ತು ವರ್ಷ ಅಲೆದು ಗೆದ್ದ ಸಣ್ಣ ಹಿಡುವಳಿದಾರನ ಮನೆಗೆ, ಎಲ್ಲ ಮುಗಿಯಿತೆಂದು ಕೊಳವೆಬಾವಿ ಕೊರೆಸಿದ ಮೇಲೆ, ಮತ್ತೆ ನೋಟಿಸು ಬಂದರೆ ಹೇಗಿರುತ್ತದೆ?

ನಮ್ಮ ನಾಲ್ಕು ತಾಲೂಕುಗಳ ರೈತರು ಗಡುವಿಗೆ ಹೆಚ್ಚು ಸಿಕ್ಕಿಬಿದ್ದದ್ದು ಭೂಸ್ವಾಧೀನದಲ್ಲಿ. ಹಿರೇಕೆರೂರು, ಹಾನಗಲ್ ಕಡೆ ತುಂಗಾ ಮೇಲ್ದಂಡೆ ಕಾಲುವೆ ಹಾದಿದೆ, ಶಿಗ್ಗಾವಿ ತಾಲೂಕಿನ ನಡುವೆ ಪುಣೆ-ಬೆಂಗಳೂರು ಹೆದ್ದಾರಿ ಹಾದಿದೆ. ಎರಡಕ್ಕೂ ಹೊಲ ಹೋಗಿದೆ. ಎರಡರ ಗಡಿಯಾರ ಬೇರೆ ಬೇರೆ.

ಕಾಲುವೆಗೆ ಹೋದ ಹೊಲಗಳ ಪರಿಹಾರ 1894ರ ಹಳೆಯ ಕಾಯ್ದೆಯಂತೆ ನಿಗದಿಯಾದಾಗ, ಕರ್ನಾಟಕ ತಿದ್ದುಪಡಿ ಒಂದು ವಿಶೇಷ ದಾರಿ ಮಾಡಿತ್ತು. ಕೊಟ್ಟ ಪರಿಹಾರ ಕಡಿಮೆ, ಕೋರ್ಟಿಗೆ ಕಳಿಸಿ ಎಂದು ನೋಟಿಸು ತಲುಪಿದ 90 ದಿನಗಳೊಳಗೆ ಅಧಿಕಾರಿಗೆ ಅರ್ಜಿ ಕೊಡಬೇಕು. ಅಧಿಕಾರಿ 90 ದಿನಗಳೊಳಗೆ ಕೋರ್ಟಿಗೆ ಕಳಿಸಬೇಕು. ಕಳಿಸದಿದ್ದರೆ ರೈತನೇ ನೇರವಾಗಿ ಕೋರ್ಟಿಗೆ ಹೋಗಬಹುದು. ಆ ಕೆಲಸಕ್ಕೆ ಇರುವ ಕಾಲ ಮೂರು ವರ್ಷ ಎಂದು ನ್ಯಾಯಾಲಯಗಳು ಹೇಳಿದವು. ಕಾಗದದಲ್ಲಿ ಇದು ರೈತನಿಗೆ ಅನುಕೂಲದ ನಿಯಮ. ಆಗಿದ್ದೇ ಬೇರೆ. ಅರ್ಜಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದವನು ತನ್ನ ಕೇಸು ಕೋರ್ಟಿನಲ್ಲಿದೆ ಎಂದೇ ತಿಳಿದ. ಕೇಸು ಅಧಿಕಾರಿಯ ಕಪಾಟು ಬಿಟ್ಟು ಹೊರಬಂದಿರಲೇ ಇಲ್ಲ. ಮೂರು ವರ್ಷ ದಾಟಿದ ಮೇಲೆ, ಅಧಿಕಾರಿ ತನ್ನ ಕೆಲಸ ಮಾಡದೆ ಇದ್ದದ್ದಕ್ಕೆ ರೈತನ ಹಕ್ಕು ಮುಗಿದಿತ್ತು. ಪಕ್ಕದ ಹೊಲದವನಿಗೆ ಕೋರ್ಟು ಹೆಚ್ಚು ಪರಿಹಾರ ಕೊಟ್ಟಿತು, ನನಗೂ ಕೊಡಿ ಎಂದು ಕೇಳಲು 28ಎ ಕಲಂ ಇತ್ತು. ಅದರ ಗಡುವು ಆ ತೀರ್ಪಿನಿಂದ ಮೂರು ತಿಂಗಳು. ಪಕ್ಕದವನ ತೀರ್ಪಿನ ಸುದ್ದಿ ಊರಿಗೆ ಬರುವುದು ಅವನ ಕೈಗೆ ಚೆಕ್ಕು ಬಂದಾಗ, ಅಷ್ಟರಲ್ಲಿ ಮೂರು ತಿಂಗಳು ಯಾವಾಗಲೋ ಆಗಿರುತ್ತದೆ. ಇಲ್ಲಿ ಅಧಿಕಾರಿಯ ಮುಂದೆ 5ನೇ ಕಲಂ ನಡೆಯುವುದಿಲ್ಲ.

ಹೈಕೋರ್ಟಿಗೆ ತಡವಾಗಿ ಅಪೀಲು ಹಾಕಿದ ಭೂಮಿ ಕಳೆದುಕೊಂಡವರ ಬಗ್ಗೆ ಮಾತ್ರ ಸುಪ್ರೀಂ ಕೋರ್ಟು ಮೆತ್ತಗಾಗಿಯೇ ನಡೆದುಕೊಂಡಿದೆ. ಅದು ಕಂಡುಕೊಂಡ ಹದ ಇದು: ತಡ ಮನ್ನಾ, ಹೆಚ್ಚಿನ ಪರಿಹಾರವೂ ಸರಿ, ಆದರೆ ತಡವಾದ ಅಷ್ಟೂ ದಿನಗಳಿಗೆ ಬಡ್ಡಿ ಇಲ್ಲ. ಹತ್ತು ವರ್ಷ ಸಮೀಪದ ತಡವನ್ನೂ ಈ ಷರತ್ತಿನ ಮೇಲೆ ಮನ್ನಿಸಿದ್ದುಂಟು. ಹೊಲ ಕಳೆದುಕೊಂಡವನಿಗೂ ಹೊಲ ಪಡೆದ ಸರ್ಕಾರಕ್ಕೂ ಒಂದೇ ಅಳತೆಗೋಲು ಇರಬಾರದು ಎಂದು ನಾನು ನಂಬಿದ್ದೇನೆ. ಹಾಗಾಗಿ ಈ ಹದ ನ್ಯಾಯವಾದದ್ದೇ. ಹೊಸ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಈ ಸಡಿಲಿಕೆ ಕಿರಿದಾಗಿದೆ. ಪರಿಹಾರದ ವ್ಯಾಜ್ಯ ತೀರ್ಮಾನಿಸುವ ಪ್ರಾಧಿಕಾರದ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ, ಕಾರಣ ತೋರಿಸಿದರೆ ಇನ್ನೊಂದು 60 ದಿನ.

ಹೆದ್ದಾರಿಯವರ ಗಡಿಯಾರಕ್ಕೆ ಕರುಣೆಯೇ ಇಲ್ಲ. ಹೆದ್ದಾರಿ ಕಾಯ್ದೆಯಲ್ಲಿ ಪರಿಹಾರ ಸಾಲದೆಂದರೆ ಮಧ್ಯಸ್ಥಗಾರರ ಬಳಿ ಹೋಗಬೇಕು. ಅವರ ತೀರ್ಪೂ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಿಕೆ ಕಾಯ್ದೆಯ 34ನೇ ಕಲಂ ಪ್ರಕಾರ ಜಿಲ್ಲಾ ನ್ಯಾಯಾಲಯಕ್ಕೆ. ತೀರ್ಪಿನ ಪ್ರತಿ ಕೈಗೆ ಬಂದ ದಿನದಿಂದ ಮೂರು ತಿಂಗಳು, ಕಾರಣವಿದ್ದರೆ ಮತ್ತೆ 30 ದಿನ. ಅದಾದ ಮೇಲೆ ಒಂದು ದಿನವೂ ಇಲ್ಲ. 2001ರಲ್ಲೇ ಸುಪ್ರೀಂ ಕೋರ್ಟು ಇದನ್ನು ಮುಗಿಸಿಬಿಟ್ಟಿದೆ. ನಿಜವಾಗಿಯೇ ಕಾಮಾಲೆ ಆಗಿದ್ದರೂ ಪ್ರಯೋಜನವಿಲ್ಲ. ಶಿಗ್ಗಾವಿ, ಬಂಕಾಪುರ ಕಡೆಯ ಭೂಮಾಲೀಕರು ಇದೊಂದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

5ನೇ ಕಲಂ ಮುಟ್ಟದ ಜಾಗಗಳು ಇನ್ನೂ ಇವೆ. ಹೊಸ ದಾವೆಗೆ ಅದು ಇಲ್ಲ. ಕೈಗಡದ ವಸೂಲಿಗೆ ಮೂರು ವರ್ಷವೆಂದರೆ ಮೂರು ವರ್ಷ, ಜಮೀನಿನ ಕಬ್ಜೆಗೆ ಹನ್ನೆರಡು. ಎದುರಾಳಿ ಆಕ್ಷೇಪ ಎತ್ತದಿದ್ದರೂ ಗಡುವು ಮೀರಿದ ದಾವೆಯನ್ನು ನ್ಯಾಯಾಧೀಶರು ತಾವಾಗಿಯೇ ವಜಾ ಮಾಡಬೇಕು. ಡಿಕ್ರಿ ಜಾರಿಗೆ ಹಾಕುವ ದರಖಾಸ್ತಿಗೂ 5ನೇ ಕಲಂ ಇಲ್ಲ. ಡಿಕ್ರಿ ಪಡೆದು ಹನ್ನೆರಡು ವರ್ಷ ಪೆಟ್ಟಿಗೆಯಲ್ಲಿಟ್ಟರೆ ಅದು ಬರೀ ಕಾಗದ. ವಾಟ್ನಿ ದಾವೆಯಲ್ಲಿ ಮಾತ್ರ ಒಂದು ಸಮಾಧಾನ: ಪ್ರಾಥಮಿಕ ಡಿಕ್ರಿ ಆಗಿ ಅಂತಿಮ ಡಿಕ್ರಿಗೆ ಅರ್ಜಿ ಹಾಕದೆ ಅಣ್ಣತಮ್ಮಂದಿರು ಸುಮ್ಮನಿದ್ದರೆ ಆ ಅರ್ಜಿಗೆ ಗಡುವಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಂದಾಯ ಕಚೇರಿಯ ಅಪೀಲಿನ ಲೆಕ್ಕವೇ ಬೇರೆ: ಉತಾರದಲ್ಲಿ ಹೆಸರು ಬದಲಾದದ್ದಕ್ಕೆ ಸವಣೂರಿನ ಉಪವಿಭಾಗಾಧಿಕಾರಿಗೆ ಅಪೀಲು ಹಾಕುವವರಿಗೆ ಭೂಕಂದಾಯ ಕಾಯ್ದೆ ಕೊಡುವ ಕಾಲ 60 ದಿನ.

ಕಾನೂನು ಬದಲಾಯಿತು ಎಂಬುದೂ ತಡಕ್ಕೆ ಕಾರಣವಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ಎಂದೋ ಸೋತ ಕೇಸುಗಳ ಕಟ್ಟು ಬಿಚ್ಚಿದವರಿದ್ದಾರೆ. ನಂತರ ಬಂದ ತೀರ್ಪೊಂದು ಹಳೆಯ ಅಪೀಲಿನ ತಡಕ್ಕೆ ಕಾರಣವಾಗದು ಎಂಬುದು 2024ರಲ್ಲಿ ದಿಲ್ಲಿಯ ಭೂಸ್ವಾಧೀನ ಪ್ರಕರಣಗಳಲ್ಲಿ ಖಚಿತವಾಗಿದೆ.

ಎಕ್ಸ್‌ಪಾರ್ಟಿ ಡಿಕ್ರಿಯ ಮಾತು ಬೇರೆ. ದುಡಿಮೆಗೆ ಮಂಗಳೂರು, ಗೋವಾ, ಬೆಂಗಳೂರು ಸೇರಿದವರ ಮನೆಬಾಗಿಲಿಗೆ ಸಮನ್ಸು ಅಂಟಿಸಿ ಹೋಗಿರುತ್ತಾರೆ. ವರ್ಷ ಬಿಟ್ಟು ಯುಗಾದಿಗೆ ಬಂದಾಗ ಹೊಲದ ಮೇಲೆ ಡಿಕ್ರಿ ಆಗಿರುವುದು ಗೊತ್ತಾಗುತ್ತದೆ. ಅದನ್ನು ರದ್ದು ಮಾಡಿಸಲು ಡಿಕ್ರಿಯ ದಿನದಿಂದ 30 ದಿನ. ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲ ಎಂದಾದರೆ ಗೊತ್ತಾದ ದಿನದಿಂದ 30 ದಿನ. ಇಲ್ಲಿ ‘ಗೊತ್ತಾದ ದಿನ’ಕ್ಕೆ ಬೆಲೆಯಿದೆ, ಆದ್ದರಿಂದ ಹಬ್ಬ ಮುಗಿಸಿಕೊಂಡು ಹೊರಡುವ ಮೊದಲು ವಕೀಲರನ್ನು ಕಾಣಬೇಕು. ಕೇಸು ನಡೆಯುತ್ತಿರುವಾಗ ಮನೆಯ ಹಿರಿಯರು ತೀರಿಕೊಂಡರೆ 90 ದಿನದೊಳಗೆ ವಾರಸುದಾರರ ಹೆಸರು ಸೇರಿಸಬೇಕು. ದಿನಕರ್ಮದ ಗಡಿಬಿಡಿಯಲ್ಲಿ ವಕೀಲರಿಗೆ ಹೇಳುವುದನ್ನು ಮರೆತರೆ, ಮಣ್ಣಾದವರ ಜೊತೆ ಕೇಸೂ ಹೋಗುತ್ತದೆ.

ಅಪೀಲು ಹಾಕಿದ್ದೇನೆ, ಇನ್ನು ಯಾರೂ ಹೊಲಕ್ಕೆ ಕಾಲಿಡುವಂತಿಲ್ಲ ಎಂಬ ನಂಬಿಕೆಯೂ ಇದೆ. ತಪ್ಪು. ತಡೆಯಾಜ್ಞೆ ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಡಿಲೇ ಅರ್ಜಿ ಬಾಕಿ ಇರುವಾಗ ತಡೆಯಾಜ್ಞೆ ಸಿಗುವುದು ಸುಲಭವಲ್ಲ. ಅಷ್ಟರಲ್ಲಿ ಎದುರಿನವರ ದರಖಾಸ್ತು ಓಡುತ್ತಿರುತ್ತದೆ.

ದೂರದ ನೆಪ ಮೊದಲಿನಷ್ಟು ಉಳಿದಿಲ್ಲ. 2008ರ ಜುಲೈಯವರೆಗೆ ಹೈಕೋರ್ಟೆಂದರೆ ಮುನ್ನೂರು ಕಿಲೋಮೀಟರ್ ಮೀರಿದ ಬೆಂಗಳೂರು. ಆ ತಿಂಗಳು ಧಾರವಾಡದಲ್ಲಿ ಸಂಚಾರಿ ಪೀಠ ತೆರೆಯಿತು, 2013ರಲ್ಲಿ ಕಾಯಂ ಆಯಿತು. ವರ್ಷಗಟ್ಟಲೆ ಹೋರಾಡಿ ಈ ಭಾಗದವರು ಪಡೆದ ಪೀಠ ಅದು. ಹಿರೇಕೆರೂರಿನವರಿಗೆ ಈಗಲೂ ನೂರು ಕಿಲೋಮೀಟರ್ ಮೀರಿದ ದಾರಿಯೇ, ಆದರೂ ಬೆಳಗಿನ ಬಸ್ಸು ಹಿಡಿದು ಹೋಗಿ ರಾತ್ರಿ ಮನೆ ಸೇರಬಹುದು. ದುಡ್ಡಿಲ್ಲ ಎಂಬುದಕ್ಕೂ ದಾರಿಯಿದೆ. ಪ್ರತಿ ತಾಲೂಕು ಕೋರ್ಟಿನಲ್ಲೂ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯದ ಪ್ರಶ್ನೆಯಿಲ್ಲದೆ ಅಲ್ಲಿ ಉಚಿತ ವಕೀಲರನ್ನು ಪಡೆಯಬಹುದು. ಫೋನಿನಲ್ಲಿ ಕೇಳುವುದಾದರೆ ಸಂಖ್ಯೆ 15100.

ಇಷ್ಟೆಲ್ಲ ಬರೆದ ಮೇಲೂ ನನಗೆ ಅರ್ಥವಾಗದ ಸಂಗತಿಯೊಂದಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ತಿರಸ್ಕರಿಸುವ ಗ್ರಾಮ ಪಂಚಾಯಿತಿಯ ಅಧಿಕಾರಿ ಕೂಡ, ಇದರ ಮೇಲೆ ಯಾರಿಗೆ ಎಷ್ಟು ದಿನದೊಳಗೆ ಮೇಲ್ಮನವಿ ಹಾಕಬೇಕು ಎಂಬುದನ್ನು ಹಿಂಬರಹದಲ್ಲಿ ಬರೆಯಲೇಬೇಕು. 2005ರ ಆ ಕಾಯ್ದೆಯ 7ನೇ ಕಲಂ ಹಾಗೆ ಕಟ್ಟಳೆ ಮಾಡಿದೆ. ಬದುಕಿಡೀ ದುಡಿದ ನಾಲ್ಕು ಎಕರೆಯನ್ನು ಕಳೆಯುವ ಸಿವಿಲ್ ತೀರ್ಪಿನ ಕೆಳಗೆ ಆ ಒಂದು ಸಾಲು ಇರುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ನಿಯಮ ಇಲ್ಲವೆಂದಲ್ಲ. 20ನೇ ಆದೇಶದ 5ಎ ನಿಯಮದ ಪ್ರಕಾರ, ಯಾವ ಕೋರ್ಟಿಗೆ, ಎಷ್ಟು ದಿನದೊಳಗೆ ಅಪೀಲು ಎಂಬುದನ್ನು ನ್ಯಾಯಾಧೀಶರು ತೀರ್ಪು ಹೇಳುವಾಗಲೇ ಹಾಜರಿರುವ ಕಕ್ಷಿದಾರರಿಗೆ ತಿಳಿಸಿ ದಾಖಲಿಸಬೇಕು. ಆದರೆ ಎರಡೂ ಕಡೆ ವಕೀಲರಿದ್ದರೆ ಇದು ಬೇಕಿಲ್ಲ ಎಂದು ಅದೇ ನಿಯಮ ಬಿಟ್ಟುಕೊಟ್ಟಿದೆ. ವಕೀಲರಿದ್ದರೆ ಕಕ್ಷಿದಾರನಿಗೆ ಗೊತ್ತಿದ್ದಂತೆ ಎಂಬ ಊಹೆ ಅದು. ವಕೀಲರ ಮೇಲೆ ಭಾರ ಹಾಕಿ ಕೂರಬೇಡ ಎಂದು ಸುಪ್ರೀಂ ಕೋರ್ಟೇ ಕಕ್ಷಿದಾರನಿಗೆ ಹೇಳುತ್ತಿರುವ ಈ ಕಾಲದಲ್ಲಿ ಆ ಊಹೆಯನ್ನು ಇಟ್ಟುಕೊಂಡು ಏನು ಮಾಡುವುದು?

ಇದಕ್ಕೆ ಸಂಸತ್ತು ಕಾಯ್ದೆ ತಿದ್ದುವವರೆಗೆ ಕಾಯಬೇಕಾಗಿಲ್ಲ. ನಕಲಿನ ಹಿಂಬದಿಗೆ ಹೊಡೆಯುವ ಆ ಮುದ್ರೆಯಲ್ಲಿ ಇನ್ನೊಂದು ಸಾಲು ಸೇರಿಸಿ, ಅಪೀಲು ಎಲ್ಲಿಗೆ, ಎಷ್ಟು ದಿನದೊಳಗೆ ಎಂದು ಕನ್ನಡದಲ್ಲಿ ನಮೂದಿಸುವಂತೆ ಹೈಕೋರ್ಟು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಹಾವೇರಿ ಜಿಲ್ಲೆಯ ವಕೀಲರ ಸಂಘಗಳು ಇದನ್ನು ಮನವಿಯಾಗಿ ಧಾರವಾಡ ಪೀಠದ ಮುಂದೆ ಇಡಬೇಕು. ಅಲ್ಲಿಯವರೆಗೆ, ತೀರ್ಪು ಬಂದ ದಿನ ಕೋರ್ಟಿನಿಂದ ಮನೆಗೆ ಹೊರಡುವ ಮೊದಲು ನಕಲಿಗೆ ಅರ್ಜಿ ಕೊಡಿ, ಕಡೆಯ ದಿನ ಯಾವುದೆಂದು ವಕೀಲರಿಂದ ಕಾಗದದ ಮೇಲೆ ಬರೆಸಿಕೊಂಡು ಬನ್ನಿ.